ಸ್ಪಷ್ಟನೆ: ಪಟಿಂಗ್ ಗ್ರೀನ್ ಅಂದ್ರೆ ಸುಮ್ನೆ ಹುಲ್ಲು ಹಾಸೋದಲ್ಲ

ಪಟಿಂಗ್ ಗ್ರೀನ್ ಅಂದ್ರೆ ಗಾಲ್ಫ್‌ನಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿ ಗುಳಿಗೆ ಹಾಕುವ ನುಣುಪಾದ ಹುಲ್ಲಿನ ಜಾಗ. ‘ಹಿತ್ತಲ ಮಣ್ಣಿನ ಮೇಲೆ ಕೃತಕ ಹುಲ್ಲು ಹಾಸಿ ಮೊಳೆ ಹೊಡೆದರೆ ಗಾಲ್ಫ್ ಪಟಿಂಗ್ ಗ್ರೀನ್ ರೆಡಿ, ಆಮೇಲೆ ನೀರೂ ಬೇಡ, ಕೆಲಸವೂ ಇಲ್ಲ’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ನಂಬಿ ದುಡ್ಡು ಹಾಕಬೇಡಿ.

ಹುಲ್ಲಿಗಿಂತ ಅಡಿಪಾಯ ಮುಖ್ಯ. ಮೇಲ್ಮಣ್ಣು ತೆಗೆದು, ಸುಮಾರು 3–4 ಇಂಚು ಜಲ್ಲಿ, ಅದರ ಮೇಲೆ ಜಲ್ಲಿಪುಡಿ ಹಾಕಿ, ನೀರು ಚಿಮುಕಿಸಿ ಗಟ್ಟಿಯಾಗಿ ದಮ್ಮಸ್ಸು ಮಾಡಬೇಕು. ನೀರು ಹರಿಯಲು ಸಣ್ಣ ಇಳಿಜಾರೂ ಬೇಕು. ಇಲ್ಲದಿದ್ದರೆ ಮಳೆಗೆ ನೆಲ ಅಲ್ಲಲ್ಲಿ ಕುಸಿಯುತ್ತದೆ. 108 ಮಿ.ಮೀ. ಅಗಲದ ಗುಳಿಯ ಕಡೆ ತಳ್ಳಿದ ಚೆಂಡು ಆ ತಗ್ಗಿಗೆ ತಿರುಗಿ ಬೇರೆಲ್ಲೋ ನಿಲ್ಲುತ್ತದೆ. ಆಗ ದುಬಾರಿ ಹುಲ್ಲು ಹಾಕಿಸಿ ಏನು ಪ್ರಯೋಜನ, ಅಲ್ವಾ?

ಆಮೇಲೆ ಕೆಲಸವೂ ಇರುತ್ತದೆ: ಕೃತಕ ಹುಲ್ಲಿನ ಎಳೆಗಳ ನಡುವೆ ತುಂಬಿದ ಮರಳನ್ನು ಆಗಾಗ ಬ್ರಷ್‌ನಿಂದ ಸರಿಮಾಡಬೇಕು. ಹುಲ್ಲು ಬೆಳೆಸುವ ನೀರು ಉಳಿಯೋದು ನಿಜ. ಆದರೆ ಬಿಸಿಲಿಗೆ ಪ್ಲಾಸ್ಟಿಕ್ ಎಳೆ ನಿಜವಾದ ಹುಲ್ಲಿಗಿಂತ ತುಂಬಾ ಜಾಸ್ತಿ ಕಾಯುತ್ತದೆ. ಮಕ್ಕಳು ಬರಿಗಾಲಲ್ಲಿ ಇಳಿಯುವ ಮೊದಲು ಕೈಯಿಟ್ಟು ನೋಡಿ, ಬೇಕಾದರೆ ನೀರು ಚಿಮುಕಿಸಿ.