ದಿನದ ಕೊನೆಯ ಹತ್ತು ನಿಮಿಷ

ಕೆಲವು ವರ್ಷಗಳ ಹಿಂದೆ ಬೇರೊಂದು ಹುದ್ದೆಗೆ ಅರ್ಜಿ ಹಾಕೋಣವೆಂದು ನನ್ನ ಹಳೆಯ ಸ್ವವಿವರದ ಕಡತವನ್ನು ತೆರೆದೆ. ಅದನ್ನು ಕೊನೆಯ ಸಲ ತಿದ್ದಿ ಆರು ವರ್ಷಗಳಾಗಿದ್ದವು. ಸೇರಿಸುವುದು ಬಹಳಷ್ಟಿರುತ್ತದೆ ಎಂದುಕೊಂಡು ಇಡೀ ಭಾನುವಾರವನ್ನು ಅದಕ್ಕೇ ಮೀಸಲಿಟ್ಟಿದ್ದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿದುಹೋಯಿತು. ಅನುಭವದ ವರ್ಷಗಳನ್ನು ನಾಲ್ಕರಿಂದ ಹತ್ತಕ್ಕೆ ಏರಿಸಿದ್ದು ಬಿಟ್ಟರೆ ಬರೆಯುವುದಕ್ಕೆ ನನಗೆ ಏನೂ ತೋಚಲಿಲ್ಲ. ಹಾಗೆಂದು ಆ ಆರು ವರ್ಷ ನಾನು ಸುಮ್ಮನೆ ಕುಳಿತಿರಲಿಲ್ಲ. ಲೆಕ್ಕಪತ್ರ ವಿಭಾಗಕ್ಕೆ ವರದಿಗಳನ್ನು ಸಿದ್ಧಪಡಿಸುವ ನನ್ನ ಕೆಲಸದಲ್ಲಿ ರಜೆಯ ದಿನಗಳೂ ಕರಗಿಹೋಗಿದ್ದವು. ದುಡಿದದ್ದು ನಿಜ, ಆದರೆ ದುಡಿದ ನನ್ನಲ್ಲಿ ಏನು ಬದಲಾಯಿತು ಎಂಬುದಕ್ಕೆ ಒಂದು ಸಾಲಿನ ಸಾಕ್ಷಿಯೂ ನನ್ನ ಬಳಿ ಇರಲಿಲ್ಲ.

ಅದೇ ಕಾಲದಲ್ಲಿ ನಾನು ವ್ಯಕ್ತಿತ್ವ ವಿಕಸನದ ಉಪದೇಶಗಳನ್ನೂ ಶ್ರದ್ಧೆಯಿಂದ ಪಾಲಿಸುತ್ತಿದ್ದೆ ಎಂಬುದು ಈ ಕಥೆಯ ವಿಪರ್ಯಾಸ. ಬೆಳಗಿನ ಐದಕ್ಕೆ ಏಳುವುದು, ತಣ್ಣೀರ ಸ್ನಾನ, ಧ್ಯಾನ, ದಿನಕ್ಕಿಷ್ಟು ಪುಟ ಓದು ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೆ. ಮೂರು ವಾರ ನಡೆಯುತ್ತಿತ್ತು, ನಾಲ್ಕನೆಯ ವಾರ ಒಂದು ದಿನ ತಪ್ಪುತ್ತಿತ್ತು, ತಪ್ಪಿದ ಮರುದಿನ ಎಲ್ಲವೂ ಕುಸಿಯುತ್ತಿತ್ತು. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂದು ಎಲ್ಲರೂ ಹೇಳುತ್ತಿದ್ದುದರಿಂದ, ಇಪ್ಪತ್ತೆರಡನೆಯ ದಿನವೂ ಹಾಸಿಗೆ ಬಿಟ್ಟೇಳಲು ಕಷ್ಟವಾದಾಗ ದೋಷ ನನ್ನದೇ ಎಂದು ನಂಬಿದ್ದೆ.

ಆ ಇಪ್ಪತ್ತೊಂದು ದಿನಗಳ ಮೂಲ ಎಲ್ಲಿಯದು ಎಂದು ತಿಳಿದಾಗ ನನಗೆ ನಗು ಬಂತು. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜರಿ ವೈದ್ಯರು, ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಇಪ್ಪತ್ತೊಂದು ದಿನಗಳಾದರೂ ಬೇಕಾಗುತ್ತವೆ ಎಂದು ಗಮನಿಸಿ 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ದಾಟುವಾಗ ಆ ‘ಕನಿಷ್ಠ’ ಉದುರಿಹೋಯಿತು, ಮುಖದ ಮಾತು ಅಭ್ಯಾಸದ ನಿಯಮವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ ನಡೆಸಿದ ಅಧ್ಯಯನದಲ್ಲಿ ಸಿಕ್ಕ ಚಿತ್ರವೇ ಬೇರೆ. ಒಂದು ಕೆಲಸ ತಾನಾಗಿಯೇ ನಡೆಯುವಂತಾಗಲು ಹಿಡಿದ ಕಾಲದ ಮಧ್ಯಾಂಕ 66 ದಿನ, ಅಂದರೆ ಅರ್ಧದಷ್ಟು ಮಂದಿಗೆ ಅದಕ್ಕಿಂತ ಕಡಿಮೆ, ಉಳಿದರ್ಧ ಮಂದಿಗೆ ಅದಕ್ಕಿಂತ ಹೆಚ್ಚು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ, ಅಧ್ಯಯನದ ಅವಧಿಯಾಚೆಗೂ ಚಾಚಿ ಹಾಕಿದ ಲೆಕ್ಕದ ಪ್ರಕಾರ, 254 ದಿನಗಳವರೆಗೂ ಬೇಕಾಗುತ್ತಿತ್ತು. ನನಗೆ ಹೆಚ್ಚು ಸಮಾಧಾನ ತಂದದ್ದು ಅದೇ ಅಧ್ಯಯನದ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂತಹ ಧಕ್ಕೆಯೇನೂ ಆಗುವುದಿಲ್ಲ. ನಾನು ವರ್ಷಗಟ್ಟಲೆ ಒಂದು ದಿನದ ತಪ್ಪಿಗೆ ಇಡೀ ಪ್ರಯತ್ನಕ್ಕೇ ಎಳ್ಳುನೀರು ಬಿಡುತ್ತಾ ಬಂದಿದ್ದೆ.

ಬೆಳಗಿನ ಜಾವದ ವಿಚಾರಕ್ಕೆ ಬಂದಾಗಲೆಲ್ಲ ನನಗೆ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೊಲೊಪ್ ನೆನಪಾಗುತ್ತಾನೆ. ಅಂಚೆ ಇಲಾಖೆಯಲ್ಲಿ ಮೂರು ದಶಕಗಳಿಗೂ ಮೀರಿ ನೌಕರಿ ಮಾಡಿ, ಮುಂಜಾನೆ ಐದೂವರೆಗೆ ಬರೆಯಲು ಕುಳಿತು, ಜೀವಮಾನದಲ್ಲಿ ಒಟ್ಟು 47 ಕಾದಂಬರಿಗಳನ್ನು ಬರೆದವನು ಅವನು. ಉಪದೇಶಕರು ಈ ಐದೂವರೆಯನ್ನು ಎತ್ತಿ ಹಿಡಿಯುತ್ತಾರೆ; ಅವನನ್ನು ಎಬ್ಬಿಸುವುದಕ್ಕೆಂದೇ ಒಬ್ಬ ಸೇವಕನಿದ್ದ, ಆ ಕೆಲಸಕ್ಕೆ ಅವನಿಗೆ ಪ್ರತ್ಯೇಕ ಹಣ ಸಲ್ಲುತ್ತಿತ್ತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಮನೆಯಲ್ಲಿ ಎಳೆಮಗುವೋ ಹಾಸಿಗೆ ಹಿಡಿದ ಹಿರಿಯರೋ ಇರುವವರಿಗೆ, ರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಐದು ಗಂಟೆಯ ಶಿಸ್ತನ್ನು ಬೋಧಿಸುವುದು ನನ್ನ ದೃಷ್ಟಿಯಲ್ಲಿ ಸ್ವಲ್ಪ ನಿರ್ದಯವಾದ ಮಾತು. ಟ್ರೊಲೊಪ್‌ನಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಪ್ರತಿ ಪುಸ್ತಕ ಆರಂಭಿಸುವಾಗಲೂ ಅವನು ವಾರಗಳಾಗಿ ಗೆರೆ ಹಾಕಿದ ಒಂದು ದಿನಚರಿಯನ್ನು ಸಿದ್ಧಮಾಡಿ, ಆಯಾ ದಿನ ಬರೆದ ಪುಟಗಳ ಸಂಖ್ಯೆಯನ್ನು ಅದರಲ್ಲಿ ದಾಖಲಿಸುತ್ತಿದ್ದ. ಸೋಮಾರಿಯಾಗಿ ಕಳೆದ ದಿನಗಳೂ ಹೀಗೆ ಅವನ ಕಣ್ಣೆದುರಿಗೇ ಇರುತ್ತಿದ್ದವು.

ಸ್ವವಿವರದ ಆ ಭಾನುವಾರದ ನಂತರ ಗೋಡೆಯ ಪಟ್ಟಿಯನ್ನು ಕಿತ್ತು ಒಂದೇ ಒಂದು ಅಭ್ಯಾಸವನ್ನು ಉಳಿಸಿಕೊಂಡೆ. ಕಂಪ್ಯೂಟರನ್ನು ಮುಚ್ಚುವ ಮೊದಲು ಹತ್ತು ನಿಮಿಷ ಒಂದು ನೋಟ್‌ಬುಕ್ಕಿನಲ್ಲಿ ಆ ದಿನದ ಕೆಲಸದ ಬಗ್ಗೆ ಬರೆಯುವುದು. ಇವತ್ತು ಯಾವುದು ಒಂದು ಹೆಜ್ಜೆಯಾದರೂ ಮುಂದೆ ಹೋಯಿತು, ಎಲ್ಲಿ ಎಡವಿದೆ, ನಾಳೆ ಮೊದಲು ಏನನ್ನು ಕೈಗೆತ್ತಿಕೊಳ್ಳಬೇಕು, ಇಷ್ಟೇ. ಮನಸ್ಸಿನ ಭಾವನೆಗಳ ದಿನಚರಿ ಇದಲ್ಲ, ಹೊಗಳಿಕೆಯ ಕಡತವೂ ಅಲ್ಲ. ‘ಕಂಪ್ಯೂಟರ್ ಮುಚ್ಚಬೇಕೆಂದಾಗ ನೋಟ್‌ಬುಕ್ ತೆರೆಯುತ್ತೇನೆ’ ಎಂದು ಒಂದು ಖಚಿತ ಸಂದರ್ಭಕ್ಕೆ ಅದನ್ನು ಗಂಟುಹಾಕಿದ್ದರಿಂದ ನೆನಪಿಡುವ ಕಷ್ಟವೂ ತಪ್ಪಿತು. ಹೀಗೆ ‘ಇಂಥದ್ದಾದಾಗ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡ ಸಂಕಲ್ಪಗಳು ಬರಿಯ ಸಂಕಲ್ಪಗಳಿಗಿಂತ ಹೆಚ್ಚಾಗಿ ನೆರವೇರುತ್ತವೆ ಎಂಬುದನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ತಮ್ಮ ಅಧ್ಯಯನಗಳಲ್ಲಿ ತೋರಿಸಿದ್ದಾರೆ.

ಮೊದಲ ಕೆಲವು ವಾರ ಆ ಪುಟಗಳು ನೀರಸವಾಗಿದ್ದವು. ‘ವರದಿ ಕಳಿಸಿದೆ’, ‘ಸಭೆ ಇತ್ತು’ ಎಂಬಂಥ ಸಾಲುಗಳು. ಎರಡು ತಿಂಗಳಾದ ಮೇಲೆ ಒಮ್ಮೆ ಹಿಂದಿನ ಪುಟಗಳನ್ನು ಒಟ್ಟಿಗೆ ಓದಿದಾಗ ಒಂದೇ ತಪ್ಪು ಐದು ಸಲ ದಾಖಲಾಗಿರುವುದು ಕಂಡಿತು. ಪ್ರತಿ ಸಲವೂ ಬೇರೆ ಮಾತುಗಳಲ್ಲಿ ಬರೆದಿದ್ದರಿಂದ ಅದು ಒಂದೇ ತಪ್ಪು ಎಂದು ನನಗೆ ಹೊಳೆದಿರಲಿಲ್ಲ. ಯಾರಾದರೂ ವರದಿ ಕೇಳಿದ ಕೂಡಲೇ, ಅದನ್ನಿಟ್ಟುಕೊಂಡು ಅವರು ಯಾವ ನಿರ್ಧಾರ ಮಾಡಬೇಕಾಗಿದೆ ಎಂದು ವಿಚಾರಿಸದೆ, ಕೇಳಿದ ಅಂಕಿಗಳನ್ನು ಚುರುಕಾಗಿ ಕೊಟ್ಟುಬಿಡುತ್ತಿದ್ದೆ. ಎರಡು ದಿನಗಳ ನಂತರ ಅದೇ ವರದಿಯನ್ನು ಬೇರೆ ರೀತಿಯಲ್ಲಿ ಮತ್ತೆ ಮಾಡಬೇಕಾಗುತ್ತಿತ್ತು. ನನ್ನ ಚುರುಕುತನವೆಂದು ನಾನು ಹೆಮ್ಮೆಪಡುತ್ತಿದ್ದ ಗುಣವೇ ನನ್ನ ರಜೆಯ ದಿನಗಳನ್ನು ನುಂಗುತ್ತಿತ್ತು. ಕೆಲಸ ಶುರುಮಾಡುವ ಮೊದಲು ಎರಡು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಲು ಮತ್ತೆ ಮೂರು ತಿಂಗಳು ಹಿಡಿಯಿತು. ಇದನ್ನು ಯಾವ ತರಬೇತಿಯೂ ನನಗೆ ಕಲಿಸಿರಲಿಲ್ಲ, ಏಕೆಂದರೆ ಇದು ನನ್ನೊಬ್ಬನ ತಪ್ಪಾಗಿತ್ತು.

ಬೆಳವಣಿಗೆ ಎಂದರೆ ಗಂಟೆಗಳ ಮೊತ್ತ ಎಂದು ನಂಬುವವರು ಯಾವುದರಲ್ಲೇ ಆಗಲಿ ಪ್ರವೀಣರಾಗಲು ಹತ್ತು ಸಾವಿರ ಗಂಟೆಗಳ ಅಭ್ಯಾಸ ಬೇಕು ಎಂಬ ಮಾತನ್ನು ಆಡುತ್ತಾರೆ. ಆ ಸಂಖ್ಯೆಯ ಹಿಂದಿರುವುದು ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ, ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನ. ಅತ್ಯುತ್ತಮರ ಗುಂಪು ಇಪ್ಪತ್ತರ ವಯಸ್ಸಿಗೆ ಸರಾಸರಿ ಅಷ್ಟು ಗಂಟೆ ಏಕಾಂತದಲ್ಲಿ ಅಭ್ಯಾಸ ಮಾಡಿತ್ತು ಎಂಬುದು ನಿಜವಾದರೂ, ಅದು ಸರಾಸರಿಯೇ ಹೊರತು ದಾಟಿದೊಡನೆ ಪ್ರವೀಣರಾಗಿಬಿಡುವ ಗಡಿಯಲ್ಲ. ಎರಿಕ್ಸನ್ ಒತ್ತಿಹೇಳಿದ್ದು ಅಭ್ಯಾಸದ ಬಗೆಯನ್ನು: ತನ್ನ ನಿರ್ದಿಷ್ಟ ದೌರ್ಬಲ್ಯವನ್ನು ಗುರಿಯಾಗಿಸಿಕೊಂಡು, ಆದ ತಪ್ಪನ್ನು ಗಮನಿಸಿ, ತಿದ್ದಿ, ಮತ್ತೆ ಮಾಡುವುದು. ಅದೇ ಅಧ್ಯಯನದಲ್ಲಿ ಚೆನ್ನಾಗಿ ನುಡಿಸುವವರು ಉಳಿದವರಿಗಿಂತ ಹೆಚ್ಚು ನಿದ್ದೆಯನ್ನೂ ಮಾಡುತ್ತಿದ್ದರು. ಈ ಅಂಶವನ್ನು ಐದು ಗಂಟೆಯ ಪಕ್ಷದವರು ಯಾಕೋ ಉಲ್ಲೇಖಿಸುವುದಿಲ್ಲ. ಕಚೇರಿಯ ಕೆಲಸದಲ್ಲಿ ಪಿಟೀಲಿನಂತೆ ಅಪಸ್ವರ ತಕ್ಷಣ ಕಿವಿಗೆ ಬೀಳುವುದಿಲ್ಲ. ತಪ್ಪಿನ ಫಲ ವಾರಗಳ ನಂತರ, ಇನ್ಯಾರದೋ ಮೇಜಿನ ಮೇಲೆ ಕಾಣಿಸಿಕೊಳ್ಳುತ್ತದೆ. ಬರೆದಿಡದಿದ್ದರೆ ತಪ್ಪಿಗೂ ಅದರ ಫಲಕ್ಕೂ ಇರುವ ನಂಟು ನಮಗೆ ಸಿಗುವುದೇ ಇಲ್ಲ.

ತಪ್ಪುಗಳ ಬಗ್ಗೆ ಇಷ್ಟು ಹೇಳಿದ ಮೇಲೆ ಮುನ್ನಡೆಯ ಸಾಲಿನ ಬಗ್ಗೆಯೂ ಹೇಳಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ತೆರೇಸಾ ಅಮಾಬಿಲೆ ಮತ್ತು ಸ್ವತಂತ್ರ ಸಂಶೋಧಕ ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ನೌಕರರಿಂದ ದಿನದ ಕೊನೆಯಲ್ಲಿ ಬರೆಸಿದ ಸುಮಾರು 12,000 ದಿನಚರಿ ಟಿಪ್ಪಣಿಗಳನ್ನು ವಿಶ್ಲೇಷಿಸಿದರು. ಕೆಲಸದ ಮೇಲಿನ ಉತ್ಸಾಹವನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದಿಟ್ಟದ್ದು ಬಹುಮಾನವೂ ಅಲ್ಲ, ಹೊಗಳಿಕೆಯೂ ಅಲ್ಲ. ತನಗೆ ಅರ್ಥಪೂರ್ಣವೆನಿಸಿದ ಕೆಲಸದಲ್ಲಿ ಆ ದಿನ ಸ್ವಲ್ಪವಾದರೂ ಮುಂದೆ ಸಾಗಿದ್ದೇನೆ ಎಂಬ ಅರಿವು. ಮೇಲಧಿಕಾರಿಗಳನ್ನೇ ಕೇಳಿದಾಗ ಅವರು ಈ ಅಂಶವನ್ನು ಪಟ್ಟಿಯ ಕೊನೆಗೆ ತಳ್ಳಿದ್ದರಂತೆ. ಹಿನ್ನಡೆಯ ಪೆಟ್ಟು ಮುನ್ನಡೆಯ ಸಂತೋಷಕ್ಕಿಂತ ಜೋರಾಗಿ ತಾಗುತ್ತದೆ ಎಂಬುದನ್ನೂ ಈ ಸಂಶೋಧಕರು ಕಂಡರು. ನನ್ನ ಅನುಭವವೂ ಹಾಗೆಯೇ ಇದೆ. ಸಂಜೆ ಮನೆಗೆ ಹೊರಡುವಾಗ ತಲೆಯಲ್ಲಿ ಗಿರಕಿ ಹೊಡೆಯುವುದು ಯಾರೋ ಆಡಿದ ಒಂದು ಕಹಿ ಮಾತು; ಬೆಳಿಗ್ಗೆ ಬಿಡಿಸಿದ ಕಗ್ಗಂಟು ಅಷ್ಟರಲ್ಲಿ ಮರೆತಿರುತ್ತದೆ. ಬರೆದಾಗ ಎರಡೂ ಒಂದೇ ಪುಟದಲ್ಲಿ, ಒಂದೇ ಗಾತ್ರದ ಅಕ್ಷರಗಳಲ್ಲಿ ಇರುತ್ತವೆ.

ನಾಳೆಯ ಸಾಲಿನ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅರ್ಧಕ್ಕೆ ನಿಂತ ಕೆಲಸವನ್ನು ಎಲ್ಲಿಂದ ಮುಂದುವರಿಸಬೇಕೆಂದು ಖಚಿತವಾಗಿ ಬರೆದಿಟ್ಟರೆ ಅದು ರಾತ್ರಿಯೆಲ್ಲ ಬೆನ್ನು ಹತ್ತುವುದಿಲ್ಲ ಎಂಬುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಪರೀಕ್ಷಿಸಿಕೊಳ್ಳಬಹುದು.

ನನ್ನ ವೃತ್ತಿಯ ದಿಕ್ಕನ್ನೇ ತಿರುಗಿಸಿದ್ದು ಮಾತ್ರ ನಾನು ಯೋಜಿಸದೇ ಇದ್ದ ಸಂಗತಿ. ಒಂದು ವರ್ಷದ ಪುಟಗಳನ್ನು ಓದುವಾಗ, ಬರವಣಿಗೆಯಲ್ಲಿ ಲವಲವಿಕೆ ಇದ್ದ ದಿನಗಳೆಲ್ಲ ಹೊಸದಾಗಿ ಸೇರಿದವರಿಗೆ ವರದಿಗಳನ್ನು ಓದುವುದು ಹೇಗೆಂದು ನಾನು ವಿವರಿಸಿದ್ದ ದಿನಗಳೇ ಎಂಬುದನ್ನು ಗಮನಿಸಿದೆ. ಅದು ನನ್ನ ಜವಾಬ್ದಾರಿಯಾಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಕಾರಣಕ್ಕೆ ಬಂದ ಕೆಲಸ. ನಿನಗೆ ಏನು ಇಷ್ಟ ಎಂದು ಯಾರಾದರೂ ನೇರವಾಗಿ ಕೇಳಿದ್ದರೆ ಕಲಿಸುವುದು ಎಂದು ನಾನು ಖಂಡಿತ ಹೇಳುತ್ತಿರಲಿಲ್ಲ. ತರಬೇತಿಯ ಸ್ವಲ್ಪ ಭಾಗವನ್ನು ನನಗೆ ಕೊಡಿ ಎಂದು ಕೇಳಿಕೊಂಡೆ, ಕೊಟ್ಟರು, ಎರಡು ವರ್ಷಗಳಲ್ಲಿ ಅದು ನನ್ನ ಕೆಲಸದ ಅರ್ಧವಾಯಿತು. ಹುದ್ದೆಯ ಹೆಸರು ಇಂದಿಗೂ ಹಳೆಯದೇ. ಸಂಶೋಧಕರಾದ ಏಮಿ ವ್ರೆಸ್ನೆಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಬರೆದ ಪ್ರಬಂಧದಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಉದಾಹರಣೆ ಬರುತ್ತದೆ. ಒಂದೇ ಕೆಲಸದಲ್ಲಿದ್ದ ಕೆಲವರು ಅದನ್ನು ನೆಲ ಒರೆಸುವುದಷ್ಟೇ ಎಂದು ಕಂಡರೆ, ಬೇರೆ ಕೆಲವರು ರೋಗಿಗಳೊಂದಿಗೆ ಮಾತನಾಡುತ್ತ, ದಾದಿಯರಿಗೆ ಅನುಕೂಲವಾಗುವ ಹಾಗೆ ತಮ್ಮ ಹೊತ್ತನ್ನು ಹೊಂದಿಸಿಕೊಳ್ಳುತ್ತ, ತಮ್ಮನ್ನು ರೋಗಿಗಳ ಚೇತರಿಕೆಯ ಭಾಗವೆಂದೇ ತಿಳಿದಿದ್ದರು. ಇದನ್ನು ಓದಿದಾಗ, ತೃಪ್ತಿ ಕೊಡುವ ವೃತ್ತಿಯನ್ನು ಹುಡುಕಿಕೊಂಡು ಎಲ್ಲಿಗೋ ಹೋಗಬೇಕೆಂಬ ನನ್ನ ಹಳೆಯ ನಂಬಿಕೆ ಸಡಿಲವಾಯಿತು. ಕೈಯಲ್ಲಿರುವ ಕೆಲಸವನ್ನೇ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕೊರೆದು ರೂಪಿಸಿಕೊಳ್ಳಲು ಸಾಧ್ಯವಿದೆ, ಆದರೆ ಯಾವ ಅಂಚನ್ನು ಕೊರೆಯಬೇಕೆಂದು ಗೊತ್ತಿರಬೇಕು. ಅದು ಗೊತ್ತಾಗುವುದು ತನ್ನನ್ನು ತಾನು ಬಹಳ ದಿನ ಗಮನಿಸಿದವರಿಗೆ.

ಆದರೂ ಇಲ್ಲೊಂದು ಅಪಾಯವಿದೆ. ಎಲ್ಲವೂ ನಮ್ಮ ಅಭ್ಯಾಸಗಳಲ್ಲಿದೆ ಎಂದು ನಂಬಿಬಿಟ್ಟರೆ ಅನ್ಯಾಯದ ಸಂಬಳ, ಅವಮಾನಿಸುವ ಮೇಲಧಿಕಾರಿ, ಮುಗಿಯದ ಪಾಳಿ ಇವೆಲ್ಲದರ ಹೊಣೆಯನ್ನೂ ನಾವೇ ಹೊತ್ತುಕೊಳ್ಳುತ್ತೇವೆ. ಆಸ್ಪತ್ರೆಯ ಸಿಬ್ಬಂದಿಯ ಆ ಉದಾಹರಣೆಯನ್ನು, ಕಡಿಮೆ ಸಂಬಳಕ್ಕೆ ಹೆಚ್ಚು ಅರ್ಥ ಕಂಡುಕೊಳ್ಳಿ ಎಂದು ನೌಕರರಿಗೆ ಬುದ್ಧಿ ಹೇಳಲು ಬಳಸುವವರನ್ನೂ ನಾನು ಕಂಡಿದ್ದೇನೆ. ಸ್ನೇಹಿತೆಯೊಬ್ಬಳು ನನ್ನ ಮಾತು ಕೇಳಿ ನಾಲ್ಕು ತಿಂಗಳು ಹೀಗೆಯೇ ಬರೆದಳು. ಹಿಂದಕ್ಕೆ ತಿರುಗಿ ಓದಿದಾಗ ಮುನ್ನಡೆಯ ಸಾಲು ವಾರಗಟ್ಟಲೆ ಖಾಲಿ ಇತ್ತು, ಮತ್ತು ಎಡವಿದ ಜಾಗದಲ್ಲಿ ಅವಳ ತಪ್ಪಲ್ಲದ ಒಂದೇ ಕಾರಣ ಮತ್ತೆ ಮತ್ತೆ ಬಂದಿತ್ತು. ತನ್ನಲ್ಲೇ ಏನೋ ಕೊರತೆಯಿದೆ ಎಂದು ಅದುವರೆಗೆ ಅಂದುಕೊಂಡಿದ್ದ ಅವಳು ಆ ಪುಟಗಳನ್ನು ಎರಡು ಸಲ ಓದಿ, ಮರುವಾರ ರಾಜೀನಾಮೆ ಕೊಟ್ಟಳು. ಹೊಸ ಜಾಗದಲ್ಲಿ ಅದೇ ನೋಟ್‌ಬುಕ್ಕನ್ನು, ನಡುವೆ ಒಂದು ಹಾಳೆ ಖಾಲಿ ಬಿಟ್ಟು, ಮುಂದುವರಿಸಿದ್ದಾಳೆ.