ಕೆರಟೋಕೋನಸ್: ಕಸಿಗೂ ಮೊದಲಿನ ಚಿಕಿತ್ಸೆ
ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗುತ್ತಾ ಶಂಕುವಿನಂತೆ ಉಬ್ಬುವ ಕಾಯಿಲೆಯೇ ಕೆರಟೋಕೋನಸ್. ಈ ಕಾಯಿಲೆಯ ಬಗ್ಗೆ ನಾನು ಓದಿದ ಲೇಖನವೊಂದು ಕಾರ್ನಿಯಾ ಕಸಿಯನ್ನು ವಿವರವಾಗಿ ಹೇಳಿ, ಅದಕ್ಕೂ ಮೊದಲೇ ರೋಗವನ್ನು ತಡೆಯಬಲ್ಲ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಗೆ ಒಂದೇ ಸಾಲು ಮೀಸಲಿಟ್ಟಿರುವುದು ದೊಡ್ಡ ಕೊರತೆ. ಜರ್ಮನಿಯ ಡ್ರೆಸ್ಡನ್‌ನಲ್ಲಿ ರೂಪುಗೊಂಡ ಈ ವಿಧಾನದ ಮೊದಲ ಫಲಿತಾಂಶಗಳು 2003ರಲ್ಲೇ ಪ್ರಕಟವಾಗಿವೆ. ಕಾರ್ನಿಯಾದ ಮೇಲ್ಪದರವನ್ನು ತೆಗೆದು, ರೈಬೋಫ್ಲಾವಿನ್ (ವಿಟಮಿನ್ ಬಿ2) ಹನಿಗಳನ್ನು ಹಾಕಿ, 30 ನಿಮಿಷ ಅತಿನೇರಳೆ ಕಿರಣ ಹಾಯಿಸಿದಾಗ ಕಾರ್ನಿಯಾಕ್ಕೆ ಬಲ ಕೊಡುವ ಕೊಲ್ಯಾಜೆನ್ ಎಂಬ ಪ್ರೋಟೀನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಉಂಟಾಗಿ ಕಾರ್ನಿಯಾ ಬಿಗಿಯಾಗುತ್ತದೆ. ಇದು ರೋಗ ಮುಂದುವರಿಯದಂತೆ ತಡೆಯುತ್ತದೆಯೇ ಹೊರತು ಕಳೆದುಹೋದ ದೃಷ್ಟಿಯನ್ನು ಪೂರ್ತಿಯಾಗಿ ಮರಳಿಸುವುದಿಲ್ಲ. ಆದ್ದರಿಂದಲೇ ಬೇಗ ಪತ್ತೆಯಾಗುವುದು ನಿರ್ಣಾಯಕ. ಹದಿಹರೆಯದವರ ಕನ್ನಡಕದ ನಂಬರು, ಅದರಲ್ಲೂ ಕಾರ್ನಿಯಾದ ಅಸಮ ಬಾಗನ್ನು ಸರಿದೂಗಿಸುವ ಸಿಲಿಂಡರ್ ಪವರ್, ಪದೇ ಪದೇ ಬದಲಾಗುತ್ತಿದ್ದರೆ ಹೊಸ ಕನ್ನಡಕವನ್ನಷ್ಟೇ ಬರೆದುಕೊಟ್ಟು ಕಳುಹಿಸದೆ, ಕಾರ್ನಿಯಾದ ಹಿಂಬದಿಯ ಉಬ್ಬನ್ನೂ ದಪ್ಪವನ್ನೂ ತೋರಿಸುವ ಟೊಮೊಗ್ರಫಿ ಪರೀಕ್ಷೆ ಮಾಡಿಸಲೇಬೇಕು. ಕಣ್ಣುಜ್ಜುವ ಅಭ್ಯಾಸವನ್ನೂ ಅದರ ಹಿಂದಿನ ಅಲರ್ಜಿಯನ್ನೂ ವೈದ್ಯರು ಅಂದೇ ವಿಚಾರಿಸಬೇಕು.