ಕೆಂಗೇರಿ ಸ್ಟೇಷನ್ ಅಂದ್ರೆ ಯಾವ್ದು?

"ಕೆಂಗೇರಿ ಸ್ಟೇಷನ್‌ನಲ್ಲೇ ಇದ್ದೀನಿ, ನೀನೆಲ್ಲಿ ಹಾಳಾಗಿ ಹೋದೆ?" ಎಂದು ಮೈಸೂರಿನಿಂದ ಬಂದಿಳಿದ ಸೋದರಮಾವನ ಮಗ ಫೋನಿನಲ್ಲಿ ಕೂಗಿದ. ನಾನೂ ಕೆಂಗೇರಿ ಸ್ಟೇಷನ್‌ನಲ್ಲೇ ಇದ್ದೆ. ಪ್ಲಾಟ್‌ಫಾರಂನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಿದ್ದೆ. "ಕೈ ಎತ್ತು" ಅಂದೆ. "ಎತ್ತಿದ್ದೀನಿ, ನೀನೂ ಎತ್ತು" ಅಂದ. ಎತ್ತಿದೆ. ಕಡಲೆಕಾಯಿ ಮಾರುವವನೊಬ್ಬ ತನ್ನನ್ನೇ ಕರೆದದ್ದೆಂದು ಬಂದು ನಿಂತ. ನಿಂತವನನ್ನು ಬರಿಗೈಲಿ ಕಳಿಸಲಾಗದೆ ಒಂದು ಪೊಟ್ಟಣ ಕೊಂಡೆ.

ಆಮೇಲೆ ಹೊಳೆಯಿತು. 2021ರ ಆಗಸ್ಟಿನಲ್ಲಿ ಮೆಟ್ರೊ ಬಂತಲ್ಲ, ಅದಕ್ಕೂ ಒಂದು ಕೆಂಗೇರಿ ಸ್ಟೇಷನ್ ಇದೆ. ಅದರ ಪಕ್ಕದ್ದು ಕೆಂಗೇರಿ ಬಸ್ ಟರ್ಮಿನಲ್, ಅದೂ ಮೆಟ್ರೊ ಸ್ಟೇಷನ್ನೇ. ಅದರ ಕೆಳಗೆ ನಿಜವಾದ ಬಸ್ ಸ್ಟ್ಯಾಂಡು, ಅದಕ್ಕೆ ಟಿಟಿಎಂಸಿ ಎಂದು ಹೆಸರು. ಆ ನಾಲ್ಕಕ್ಷರವನ್ನು ಬಿಡಿಸಿ ಹೇಳಬಲ್ಲ ಒಬ್ಬ ಕಂಡಕ್ಟರನ್ನೂ ನಾನು ಕಂಡಿಲ್ಲ. ಇನ್ನು ಆಟೋದವರಿಗೆ "ಸ್ಟೇಷನ್" ಎಂದಷ್ಟೇ ಹೇಳಿ ನೋಡಿ. "ಪೊಲೀಸಾ ಸಾರ್?" ಎಂದು ಮುಖ ನೋಡುತ್ತಾರೆ. ಸಾಲದ್ದಕ್ಕೆ ಉಪನಗರ ರೈಲೊಂದು ಬರಲಿದೆಯಂತೆ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಹೋಗುವ ಆ ಮಾರ್ಗಕ್ಕೆ ಪಾರಿಜಾತ ಎಂದು ನಾಮಕರಣವಾಗಿದೆ, 2022ರಲ್ಲಿ ಶಂಕುಸ್ಥಾಪನೆಯೂ ಆಗಿದೆ. ಹೆಸರಿಟ್ಟು ಇಷ್ಟು ದಿನವಾದರೂ ಕೂಸು ಹುಟ್ಟಿಲ್ಲ.

ನಾನಿರುವುದು ಕೆಂಗೇರಿ ಉಪನಗರದಲ್ಲಿ. ಉಪ್ಪಿಟ್ಟೊಂದನ್ನು ಬಿಟ್ಟರೆ 'ಉಪ' ಎಂದು ಶುರುವಾಗುವ ಯಾವುದೂ ನನಗೆ ಒಗ್ಗಿಬಂದಿಲ್ಲ. ಉಪವಾಸ, ಉಪದೇಶ, ಉಪದ್ರವ, ಈಗ ಉಪನಗರ. ಮದ್ರಾಸಿನ ಕಡೆಯಿಂದ ಅಗಲ ಹಳಿ 1864ರಲ್ಲೇ ಬೆಂಗಳೂರು ದಂಡಿನವರೆಗೆ, ಅಂದರೆ ಕಂಟೋನ್ಮೆಂಟಿನವರೆಗೆ ಬಂದಿತ್ತು. ನಮ್ಮ ಪಾಲಿಗೆ ಬಂದದ್ದು ಮೀಟರ್ ಗೇಜು, ಅದೂ 1876-78ರ ಧಾತು ಈಶ್ವರ ಬರದ ಕಾಲದಲ್ಲಿ ಜನಕ್ಕೆ ಕೂಲಿ ಒದಗಿಸಲೆಂದು ಶುರುವಾದ ಕೆಲಸ. 1881ರಲ್ಲಿ ಕೆಂಗೇರಿಯನ್ನು ದಾಟಿ 1882ರಲ್ಲಿ ಮೈಸೂರು ಮುಟ್ಟಿತು. ಹಸಿದವರು ಹಾಕಿದ ಹಳಿ. ಅದಕ್ಕೇ ಇರಬೇಕು, ಈ ದಾರಿಯುದ್ದಕ್ಕೂ ತಿಂಡಿಯ ಹೆಸರಿನ ಊರುಗಳು: ಬಿಡದಿಗೆ ತಟ್ಟೆ ಇಡ್ಲಿ, ಮದ್ದೂರಿಗೆ ವಡೆ. ತಿಂಡಿಯಿಲ್ಲದ ಚನ್ನಪಟ್ಟಣಕ್ಕೂ ಬೊಂಬೆಯಾದರೂ ಇದೆ. ಕೆಂಗೇರಿಗೆ ಏನಿದೆ? ಬೆಂಗಳೂರಿನ ಕೊಳೆಯನ್ನೆಲ್ಲ ಹೊತ್ತು ತರುವ ವೃಷಭಾವತಿ ಇದೆ. ಹೊರಟು ಹದಿಮೂರು ಕಿಲೋಮೀಟರಿಗೆ ಯಾರಿಗೆ ಹಸಿವಾಗುತ್ತದೆ ಹೇಳಿ. ಬುತ್ತಿಯ ಗಂಟು ಬಿಚ್ಚುವ ಮೊದಲೇ ನಮ್ಮೂರು ಹಿಂದೆ ಹೋಗಿರುತ್ತಿತ್ತು.

ಆ ಕಡೆಯಿಂದ ಬರುವವರಿಗೆ ಮಾತ್ರ ಕೆಂಗೇರಿ ಮರೆಯುವಂಥ ಊರಾಗಿರಲಿಲ್ಲ. ಆಗ ಒಂಟಿ ಹಳಿ. ಬೆಂಗಳೂರು ಬಂದೇಬಿಟ್ಟಿತೆಂದು ಟ್ರಂಕು ಇಳಿಸಿ, ಮಕ್ಕಳಿಗೆ ಚಪ್ಪಲಿ ಹಾಕಿಸಿ, ಬಾಗಿಲಲ್ಲಿ ನಿಂತಾಗ ಗಾಡಿ ಕೆಂಗೇರಿಯಲ್ಲಿ ಕ್ರಾಸಿಂಗ್‌ಗೆಂದು, ಎದುರು ಬರುವ ಗಾಡಿಗೆ ದಾರಿ ಬಿಡಲು, ನಿಂತುಬಿಡುತ್ತಿತ್ತು. ಮಂಡ್ಯದಲ್ಲಿದ್ದ ನಮ್ಮ ಸೋದರಮಾವ ಇದನ್ನು ಸ್ವಂತ ಅವಮಾನವೆಂದೇ ತಿಳಿದಿದ್ದರು. ಒಮ್ಮೆ ಸಿಟ್ಟಿನಲ್ಲಿ ಇಳಿದು, ರಸ್ತೆಗೆ ಹೋಗಿ, ಬಿಟಿಎಸ್ ಕೆಂಪು ಬಸ್ಸು ಹತ್ತಿದರು. ಅತ್ತೆ ಸಾಮಾನಿನ ಜೊತೆ ರೈಲಿನಲ್ಲೇ ಉಳಿದರು. ಚಾಮರಾಜಪೇಟೆಯ ನಮ್ಮ ಮನೆಗೆ ಮಾವ ಹತ್ತು ನಿಮಿಷ ಮೊದಲು ಬಂದರು. ಅಲ್ಲಿಗೆ ಮುಗಿಯಿತು ಅವರ ಕಥೆ. ಮುಂದೆ ಆರೇಳು ವರ್ಷ, ಪ್ರತಿ ಸಲವೂ, ಗಾಡಿ ಕೆಂಗೇರಿಯಲ್ಲಿ ನಿಂತರೆ ಸಾಕು, ಮಾವ ಪಂಚೆ ಎತ್ತಿ ಕಟ್ಟಿ ಇಳಿದುಬಿಡುತ್ತಿದ್ದರು. ಅವರು ಬಸ್ ಸ್ಟಾಪು ಮುಟ್ಟುವ ಹೊತ್ತಿಗೆ ಹಿಂದೆ ಇಂಜಿನ್ನು ಕೂಗುತ್ತಿತ್ತು. ಬಸ್ಸು ಬಂದರೆ ನಿಲ್ಲುತ್ತಿರಲಿಲ್ಲ, ನಿಂತರೆ ಮಾರ್ಕೆಟ್ಟಿನ ಹತ್ತಿರ ಕಬ್ಬಿನ ಗಾಡಿ ಅಡ್ಡ. ಅತ್ತೆ ಆರಾಮಾಗಿ ಮೆಜೆಸ್ಟಿಕ್‌ನಲ್ಲಿ ಇಳಿದು, ಜಟಕಾ ಮಾಡಿಕೊಂಡು ಬಂದು, ಸ್ನಾನ ಮುಗಿಸಿ, ನಮ್ಮಮ್ಮನ ಜೊತೆ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದರು. ಮಾವ ಬಂದವರೇ ಗಡಿಯಾರ ನೋಡುತ್ತಿದ್ದರು. "ಇವತ್ತು ಕ್ರಾಸಿಂಗ್ ಬೇಗ ಬಿಟ್ಟ ಕಣೇ, ಇಲ್ದಿದ್ರೆ..." ಅತ್ತೆ ಮಾತಾಡುತ್ತಿರಲಿಲ್ಲ. ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಇನ್ನೊಂದು ಗೀಟು ಎಳೆದು ಬರುತ್ತಿದ್ದರು. ಸುಣ್ಣ ಹೊಡೆಸುವಾಗ ಎಣಿಸಿದ್ದೆವು, ಹದಿನೇಳು. ಮಾವನ ಕಡೆ ಒಂದೇ ಗೀಟು, ಆ ಮೊದಲನೆಯದು.

ತೊಂಬತ್ತರ ದಶಕದಲ್ಲಿ ಮೀಟರ್ ಗೇಜು ಹೋಯಿತು. ಈಗ ಜೋಡಿ ಹಳಿ, ತಲೆಯ ಮೇಲೆ ಕರೆಂಟಿನ ತಂತಿ. ಕೆಂಪು ಬಸ್ಸಿನ ಬಿಟಿಎಸ್ಸು 1997ರಲ್ಲಿ ಬಿಎಂಟಿಸಿ ಆಯಿತು. ಇದರಿಂದೆಲ್ಲ ಊರು ಬದಲಾಗುವುದು ಹೇಗೆ ಎಂಬ ಬಗ್ಗೆ ನನ್ನದೊಂದು ವಿಚಾರವಿದೆ, ಹೇಳಬೇಕೆಂದೇ ಕೂತಿದ್ದೆ; ಅಷ್ಟರಲ್ಲಿ ಮತ್ತೆ ಫೋನು.

"ಮೆಟ್ರೊ ಹತ್ರ ಬಂದಿದ್ದೀನಿ, ಅಲ್ಲೂ ಇಲ್ಲವಲ್ಲೋ ನೀನು" ಎಂದೆ, ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ.

"ಮೆಟ್ರೊಗ್ಯಾಕೆ ಹೋದೆ? ಬಸ್ ಸ್ಟೇಷನ್‌ನಲ್ಲಿದ್ದೀನಿ."

"ರೈಲಲ್ಲಿ ಬರ್ತೀನಿ ಅಂದಿದ್ದೆಯಲ್ಲ?"

"ರೈಲಾ? ಕೆಂಗೇರಿಯಲ್ಲಿ ನಿಲ್ಲಿಸಿಬಿಡ್ತಾನಪ್ಪ ಅವನು" ಎಂದ, ಅಪ್ಪನ ದನಿಯಲ್ಲೇ. ಇಳಿಯಬೇಕಾದದ್ದೇ ಕೆಂಗೇರಿಯಲ್ಲಿ ಎಂಬುದು ಅವನಿಗೆ ಹೊಳೆದಂತಿರಲಿಲ್ಲ.

ಜಗಳವಾಡುವ ಶಕ್ತಿ ಇರಲಿಲ್ಲ. "ಹೋಗ್ಲಿ, ಮದ್ದೂರು ವಡೆ ತಂದ್ಯಾ?" ಎಂದೆ.

"ಎಲ್ಲಿಂದ ತರೋದು? ಬಸ್ಸು ಈಗ ಮದ್ದೂರೊಳಗೆ ಹೋಗೋದೇ ಇಲ್ಲ. ಬೈಪಾಸು."

ಕಡಲೆಕಾಯಿ ಪೊಟ್ಟಣ ಬಿಚ್ಚಿದೆ.